ಮುನಿಕೃಷ್ಣಮ್ಮನ ಬಚ್ಚಲುಮನೆ

“ಮೊದ್ಲು ನನ್ ತಲೆ ಮ್ಯಾಲೆ ಆಕಯ್ಯಾ ಸುತ್ತಿಗೇನ! ಆಮ್ಯಾಕೆ ಒಲೆ ಒಡೀವಂತೆ!”

ಕೋಗಿಲು ಊರಿನ ಆ ಹಳೇ ಮನೆಯ ಬಚ್ಚಲ ಬಾಗಿಲಿಗೆ ಅಡ್ಡವಾಗಿ, ಎರಡೂ ಕೈ ಚಾಚಿ ಮುನಿಕೃಷ್ಣಮ್ಮ ನಿಂತುಬಿಟ್ಟಿದ್ದರು. ಮೇಸ್ತ್ರಿ ಅಕ್ಬರ್ ಪಾಷಾ ದಿಕ್ಕು ತೋಚದೆ ಸೊಸೆ ಸುಮಾಳ ಮುಖ ನೋಡಿದ. ಮಗ ಸಿದ್ದುವೋ, ಜಗಳದ ವಾಸನೆ ಬಡಿದ ಕೂಡಲೇ ಸಿಮೆಂಟ್ ತರುವ ನೆಪದಲ್ಲಿ ಸ್ಕೂಟರ್ ಏರಿ ಪರಾರಿ. ಗಂಡಸರ ಧೈರ್ಯವೇ ಅಷ್ಟು ಬಿಡಿ!

ನಲವತ್ತು ವರ್ಷ ಆ ಒಲೆಗೆ ಸೌದೆ ಒಟ್ಟಿದವರು ಮುನಿಕೃಷ್ಣಮ್ಮ. ಮೇಲಿನ ತಾಮ್ರದ ಹಂಡೆ ಅವರ ತವರಿನದು. ಆದರೆ ಯುಗಾದಿಯ ಬೆಳಿಗ್ಗೆ ಅದೇ ಬಚ್ಚಲಲ್ಲಿ ಯಜಮಾನರು ಚಿಕ್ಕಮಾರಯ್ಯ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅಂದಿನಿಂದ ಹಿತ್ತಲಲ್ಲಿ ಸೀರೆ ಮರೆ ಕಟ್ಟಿ, ಮಗನ ಕೈಯಲ್ಲಿ ಮೈ ಒರೆಸಿಕೊಳ್ಳುವ ಪಾಡು. “ದೀಪಾವಳಿಗಾದ್ರೂ ಬಚ್ಚಲಲ್ಲಿ ಕೂತು, ನನ್ ಕೈಯಾರೆ ನೀರು ಉಯ್ಕೋಬೇಕಮ್ಮಾ...” ಎಂದು ಆ ಹಿರಿಯ ಜೀವ ಸೊಸೆಯ ಮುಂದೆ ಕಣ್ಣೀರಿಟ್ಟಿತ್ತು. ಹಟ ಹಿಡಿದು ಜಾರದ ಟೈಲ್ಸು, ಗೋಡೆಯ ಹಿಡಿಕೆ, ಗೀಸರು ಎಲ್ಲ ತರಿಸಿದವಳು ಸುಮಾ. ಹಬ್ಬಕ್ಕೆ ಉಳಿದದ್ದು ಹತ್ತೇ ದಿನ.

“ಅವತ್ತು ಬಟ್ಟೆ ಒಗೆದ ಸೋಪಿನ ನೀರು ಬಿಟ್ಟು ನನ್ ಗಂಡನ್ನ ಬೀಳಿಸ್ದೆ. ಇವತ್ತು ನನ್ ಒಲೆ ಬೀಳಿಸ್ತೀಯಾ!”

ಏಳು ತಿಂಗಳಿಂದ ದಿನಕ್ಕೆರಡು ಸಲ ಅತ್ತೆಯದು ಇದೇ ಮಾತು. ನೆಂಟರ ಮುಂದೆ, ಹಾಲಿನವನ ಮುಂದೆ ಕೂಡ! ಸುಮಾ ಒಮ್ಮೆಯೂ ಎದುರಾಡಿರಲಿಲ್ಲ.

ಒಳಕೋಣೆಯಿಂದ ಚಿಕ್ಕಮಾರಯ್ಯ ಕೂಗಿದರು. “ಲೇ, ನಿಂಗೆ ಒಲೆ ಬೇಕೋ ನಾನ್ ಬೇಕೋ, ಈಗ್ಲೇ ಏಳ್ಬುಡು!”

ಮುನಿಕೃಷ್ಣಮ್ಮ ಸೆರಗು ಬಾಯಿಗೊತ್ತಿಕೊಂಡು ಪಕ್ಕಕ್ಕೆ ಸರಿದರು. ಆಳುಗಳು ಹಂಡೆ ಇಳಿಸಿದರು. ನಾಲ್ಕು ಏಟಿಗೆ ಒಲೆ ಬಿತ್ತು. ಒಲೆಗೂ ಗೋಡೆಗೂ ನಡುವಿನ ಸಂದಿಗೆ ಪಾಷಾ ಕೈ ಹಾಕಿ ಏನನ್ನೋ ಎತ್ತಿದ.

“ಅಮ್ಮಾ, ಈ ಬಟ್ಲು ನಿಮ್ದೇನಾ?”

ಮುನಿಕೃಷ್ಣಮ್ಮ ಬಗ್ಗಿ ನೋಡಿದರು. ಯುಗಾದಿಯಿಂದ ಕಾಣೆಯಾಗಿದ್ದ ಹಿತ್ತಾಳೆಯ ಎಣ್ಣೆ ಬಟ್ಟಲು! ಅವತ್ತು ಎಲ್ಲರಿಗಿಂತ ಮೊದಲು ಎಣ್ಣೆ ನೀರು ಹಾಕಿಕೊಂಡವರು ಅವರೇ. ಬಟ್ಟಲನ್ನು ಬಚ್ಚಲ ಕಲ್ಲಿನ ಮೇಲೇ ಮರೆತು ಬಂದಿದ್ದರು... ಬೆನ್ನಿಗೇ ಯಜಮಾನರು ಮುಖ ತೊಳೆಯಲು ಹೋಗಿದ್ದರು... ಅವರ ಕಾಲು ತಗುಲಿಯೇ ಬಟ್ಟಲು ಎಣ್ಣೆ ಚೆಲ್ಲಿ ಸಂದಿಗೆ ಉರುಳಿರಬೇಕು!

“ಅಯ್ಯೋ, ಅದು ನಾನೇ ಮರ್ತಿದ್ದು. ಕೊಡಿ ಪಾಷಾಣ್ಣ,” ಸುಮಾ ಕೈ ಚಾಚಿದಳು.

“ಸುಳ್ಳಾಡ್ಬ್ಯಾಡ!” ಮುನಿಕೃಷ್ಣಮ್ಮ ಬಟ್ಟಲನ್ನು ಕಿತ್ತುಕೊಂಡರು. “ನಿಂಗೆ... ನಿಂಗೆ ಮೊದ್ಲೇ ಗೊತ್ತಿತ್ತಾ?”

“ಮಾವನ್ನ ಎತ್ತಿ ಕೂರಿಸ್ದಾಗ ಅಂಗಾಲೆಲ್ಲಾ ಹರಳೆಣ್ಣೆ ಅತ್ತೆ. ಅವ್ರಿನ್ನೂ ಎಣ್ಣೆ ಹಚ್ಕೊಂಡೇ ಇರ್ಲಿಲ್ಲ. ನಾನೇ ಒರೆಸ್ದೆ.”

“ಏಳು ತಿಂಗ್ಳು ನಿನ್ನ ಬಾಯಿಗೆ ಬಂದಂಗೆ ಅಂದ್ನಲ್ಲೇ... ಒಂದ್ ಮಾತು ಏಳ್ಬಾರ್ದಾಗಿತ್ತಾ?”

“ಹೇಳಿದ್ರೆ ನೀವು ಊಟ ಮಾಡ್ತಿದ್ರಾ? ಮಾವನ ಮುಖ ನೋಡ್ತಿದ್ರಾ? ನಂಗೆ ಬೈದಾದ್ರೂ ನಿಮ್ ಸಂಕಟ ಇಳೀಲಿ ಅಂತ ಸುಮ್ನಿದ್ದೆ...”

ಆ ಹಿರಿಯ ಹೆಂಗಸು ಒಡೆದ ಇಟ್ಟಿಗೆಗಳ ಮೇಲೇ ಕುಸಿದು ಕೂತು, ಸೊಸೆಯ ಕೈ ಹಿಡಿದು ಹೋ ಎಂದು ಅತ್ತರು. ಪಾಷಾ ಆಳುಗಳನ್ನು ಟೀಗೆ ಕರೆದುಕೊಂಡು ಮೆಲ್ಲಗೆ ಹೊರನಡೆದ. ಆಮೇಲೆ ಮುನಿಕೃಷ್ಣಮ್ಮ ಗಂಡನ ಕಾಲ ಬಳಿ ಕೂತು ಎಲ್ಲ ಹೇಳಿಕೊಂಡರೆ, ಚಿಕ್ಕಮಾರಯ್ಯ, “ಸೊಂಟ ಮುರಿದಿದ್ದು ನಂದು, ಅಳೋದು ನೀವಿಬ್ರೂ! ಓಗು, ಮೊದ್ಲು ಆ ಮಗೀಗೆ ಒಂದ್ ಲೋಟ ಕಾಪಿ ಕೊಡು,” ಎಂದರು.

ನೀರು ತುಂಬುವ ಹಬ್ಬದ ಸಂಜೆಗೆ ಬಚ್ಚಲು ಸಿದ್ಧವಾಯಿತು. ಮೂಲೆಯಲ್ಲೊಂದು ಪುಟ್ಟ ಕಟ್ಟೆ. ಅದು ಬೇಕೆಂದು ಸುಮಾ ಮೊದಲ ದಿನವೇ ಪಾಷಾಗೆ ಹೇಳಿದ್ದಳಂತೆ! ಹುಣಸೆಹಣ್ಣಿನಲ್ಲಿ ಉಜ್ಜಿ ಥಳಥಳ ಮಾಡಿದ ಹಂಡೆ ಅದರ ಮೇಲೆ ಕೂತಿತು. ಅತ್ತೆ ಸುಣ್ಣದ ಬೊಟ್ಟಿಟ್ಟರು, ಸೊಸೆ ಹಾಗಲ ಬಳ್ಳಿ ಸುತ್ತಿದಳು. ಇಬ್ಬರೂ ಸೇರಿ ನೀರು ತುಂಬಿದರು.

ಮಾರನೆಯ ಬೆಳಗಿನ ಜಾವ ಎಲ್ಲರೂ ಎಣ್ಣೆಗೆ ಕೂತರು. ದೀಪಾವಳಿಯಂದು ಆ ಮನೆಯಲ್ಲಿ ಮೊದಲ ಎಣ್ಣೆ ಯಜಮಾನರಿಗೇ. ಮುನಿಕೃಷ್ಣಮ್ಮ ಬಟ್ಟಲು ಹಿಡಿದು ಗಂಡನನ್ನು ದಾಟಿ ಬಂದರು.

“ಸುಮಾ, ಬಾರವ್ವಾ. ಮೊದ್ಲು ನಿಂಗೆ.”

ಸುಮಾ ಮುಂದೆ ಸರಿದು ಕೂತಳು. ಅತ್ತೆಯ ಒರಟು ಅಂಗೈ ನೆತ್ತಿಯ ಮೇಲೆ ಆಡುತ್ತಿದ್ದಂತೆ ಕಣ್ಣು ತಾನಾಗಿ ತುಂಬಿತು. ಎಲ್ಲರಿಗೂ ಹಚ್ಚಿ ಮುಗಿದ ಮೇಲೆ ಮುನಿಕೃಷ್ಣಮ್ಮ ಬಟ್ಟಲನ್ನು ಸೊಸೆಯ ಕೈಗಿಟ್ಟರು.

“ಇನ್ಮ್ಯಾಕೆ ಇದು ನಿನ್ ಅತ್ರಾನೇ ಇರ್ಲಿ. ನಂಗೆ ಮರೆವು.”

ಒಳಗೆ ಚಿಕ್ಕಮಾರಯ್ಯ ಗೋಡೆಯ ಹಿಡಿಕೆ ಹಿಡಿದು ಕೂತು, ತಮ್ಮ ಕೈಯಾರೆ ಚೊಂಬಿನ ಮೇಲೆ ಚೊಂಬು ನೀರು ಹುಯ್ದುಕೊಳ್ಳುತ್ತಿದ್ದರು. ಅತ್ತೆ ಸೊಸೆ ಇಬ್ಬರೂ ಬಾಗಿಲಾಚೆ ನಿಂತು ಆ ಸದ್ದು ಕೇಳುತ್ತಿದ್ದರು.