ಅದಲುಬದಲಾದ ಡಬ್ಬಿ

ಗುಬ್ಬಿ ಊಟದ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಅನ್ನವಿರಲಿಲ್ಲ. ನೀಟಾಗಿ ಮಡಿಸಿಟ್ಟ ತಮ್ಮನ ಲಂಗೋಟಿಗಳಿದ್ದವು!

"ಇದೇನೇ, ನಿಮ್ಮನೇಲಿ ಲಂಗೋಟಿ ಊಟನಾ? ಉಪ್ಪು ಸರಿಯಾಗಿದೆಯಾ ನೋಡು!" ಎಂದಳು ಪಕ್ಕದ ಡೆಸ್ಕಿನ ಜುಟ್ಟಿನವಳು. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು.

ಗುಬ್ಬಿ ಡಬ್ಬಿ ಮುಚ್ಚಿ, ಬರೀ ನೀರು ಕುಡಿದಳು.

ಡಬ್ಬಿ ಕೊಟ್ಟವರು ಅಪ್ಪ. ವಾಚ್ ರಿಪೇರಿ ಮಾಡುವ ಅಪ್ಪನ ಕೈಯಿಂದ ಸಾಸಿವೆಯಷ್ಟು ಸ್ಕ್ರೂ ಕೂಡ ಜಾರಿದ್ದಿಲ್ಲ. ತಮ್ಮ ಹುಟ್ಟಿದ ಮೇಲೆ ಮಾತ್ರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮೊನ್ನೆ ಅಪ್ಪ ಟೂತ್‌ಬ್ರಷ್ಷಿನಿಂದ ತಲೆ ಬಾಚಲು ಹೊರಟಿದ್ದರು. ಗುಬ್ಬಿ ನಕ್ಕರೆ, "ಶ್! ಮಗು ಏಳುತ್ತೆ" ಎಂದಿದ್ದರು. ಜೊತೆಗೆ ನಗುವವರಿಲ್ಲದೆ ಅವಳ ನಗು ಅಲ್ಲೇ ಒಣಗಿತ್ತು.

ಇವರಿಗೆ ನನ್ನ ನೆನಪೇ ಇಲ್ಲ. ಇವತ್ತು ಕೂಗಿಯೇ ಹೇಳುತ್ತೇನೆ, ಮಗು ಎದ್ದರೆ ಏಳಲಿ! ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡಳು.

ಮನೆಯಲ್ಲಿ ಅಮ್ಮ ಗೋಡೆಗೆ ಒರಗಿ ಕುಳಿತಿದ್ದಳು.

"ಬಂದೆಯಾ ಕಂದ? ಬೆಳಿಗ್ಗೆ ತೋರಿಸೋಕೆ ಹೋದ್ರೆ ಡಾಕ್ಟರಮ್ಮನ ಮೇಜಿನ ಮೇಲೆ ನಿನ್ನ ತಮ್ಮ ಒದ್ದೆ ಮಾಡಿದ. ಅವನ ಬಟ್ಟೆಗೂ ನಿನ್ನದರಂಥದ್ದೇ ಡಬ್ಬಿ ಅಲ್ವಾ, ತೆಗೆದರೆ ಅನ್ನ! 'ಇದನ್ನ ಉಡಿಸೋದು ಹೇಗಮ್ಮ?' ಅಂದ್ರು."

ಅಮ್ಮ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

"ಡಬ್ಬಿ ತಗೊಂಡು ಅಪ್ಪ ನಿನ್ನ ಸ್ಕೂಲಿಗೆ ಓಡಿದ್ರು. ಊಟದ ಬೆಲ್ ಆಗೋವರೆಗೂ ಕಾಯಿರಿ ಅಂದ್ರಂತೆ ಗೇಟಿನವರು. ಬೆಂಚಿನ ಮೇಲೆ ಕೂತವರಿಗೆ ನಿದ್ದೆ ಹತ್ತಿಬಿಡ್ತು. ಎಚ್ಚರ ಆದಾಗ ಊಟದ ಹೊತ್ತು ಮುಗಿದೇ ಹೋಗಿತ್ತು. ನೋಡಲ್ಲಿ."

ಮೂಲೆಯಲ್ಲಿ ಅಪ್ಪ ಕುಳಿತಲ್ಲೇ ಗೊರಕೆ ಹೊಡೆಯುತ್ತಿದ್ದರು. ಅವಳ ಊಟದ ಡಬ್ಬಿ ಎದೆಗೆ ಒರಗಿತ್ತು. ನಿದ್ದೆಯಲ್ಲೇ ಅದನ್ನು ಮೆಲ್ಲಗೆ ತಟ್ಟುತ್ತಿದ್ದರು.

"ನಿನ್ನ ಕಡೆ ಏನಾಯ್ತು, ಹೇಳು" ಎಂದಳು ಅಮ್ಮ.

"ನಾನು ಮುಚ್ಚಳ ತೆಗೆದೆನಾ..."

ಅಮ್ಮನ ತಲೆ ಆಗಲೇ ಪಕ್ಕಕ್ಕೆ ವಾಲಿತ್ತು.

ಗುಬ್ಬಿ ಅಪ್ಪನ ಕೈಯಿಂದ ಡಬ್ಬಿಯನ್ನು ಮೆಲ್ಲಗೆ ಬಿಡಿಸಿಕೊಂಡು, ತಟ್ಟುವ ಕೈಗೆ ಒಂದು ದಿಂಬು ಕೊಟ್ಟಳು. ತಣ್ಣಗಾದ ಅನ್ನ ಹಿಡಿದು ತೊಟ್ಟಿಲ ಪಕ್ಕ ಕುಳಿತಳು. ತಮ್ಮ ಒಬ್ಬನೇ ಕಣ್ಣು ಬಿಟ್ಟುಕೊಂಡು ಮಲಗಿದ್ದ.

"ಮುಚ್ಚಳ ತೆಗೆದರೆ ನಿನ್ನ ಲಂಗೋಟಿ ಕಣೋ!" ಎಂದಳು ಗುಬ್ಬಿ.

ಕೂಗಿ ಹೇಳಬೇಕೆಂದಿದ್ದ ಮಾತನ್ನೆಲ್ಲ ಅವಳು ಪಿಸುಗುಟ್ಟಿ ಹೇಳಿದಳು, ಯಾರಿಗೂ ಎಚ್ಚರವಾಗದ ಹಾಗೆ.