ಎರಡನೇ ಭಾಗದಲ್ಲಿ ಕೇಳಿದ ಅಳು

ಗುಂಡಿನ ಸದ್ದಿನ ಒಳಗೆ ಯಾರೋ ಹೆಂಗಸು ಅಳುತ್ತಿದ್ದಳು!

ಮೆಹೆರಾಜ ಕಿವಿಯ ಮೇಲಿನ ದುಪಟ್ಟಾ ಸರಿಸಿದಳು. ಪರದೆಯ ಮೇಲೆ ಹೀರೋ ಎರಡೂ ಕೈಯಲ್ಲಿ ಬಂದೂಕು ಹಿಡಿದು ಹತ್ತು ನಿಮಿಷದಿಂದ ಹೊಡೆಯುತ್ತಲೇ ಇದ್ದ. ಜೀಪುಗಳು ಹಾರಿ ಬೀಳುತ್ತಿದ್ದವು. ಸೇತುವೆ ಉರಿಯುತ್ತಿತ್ತು. ಆ ದೃಶ್ಯದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಆದರೂ ಅಳು... ಅದೇ ಪರದೆಯಿಂದ ಬರುತ್ತಿತ್ತು.

ಬಾಲ್ಕನಿಯಲ್ಲಿ ಅವಳೊಬ್ಬಳೇ. ಕೆಳಗೆ ನಾಲ್ಕಾರು ಹಮಾಲರು ಮುಂದಿನ ಕುರ್ಚಿಗೆ ಕಾಲು ಚಾಚಿ ನಿದ್ದೆ ಹೋಗಿದ್ದರು. ಹೊರಗೆ ಬೈಲಹೊಂಗಲದ ರಣಬಿಸಿಲು, ಒಳಗೆ ಬಾವಿಯೊಳಗಿನಂಥ ಕತ್ತಲು.

ಸೇತುವೆ ಕುಸಿಯಿತು. ಸದ್ದು ತಟ್ಟನೆ ನಿಂತಿತು.

ಅಳು ಮಾತ್ರ ಅರ್ಧ ಕ್ಷಣ ಹೆಚ್ಚು ಉಳಿಯಿತು. ಯಾರೋ ಬಾಯಿಗೆ ಸೆರಗು ತುರುಕಿಕೊಂಡಂತೆ ಅದೂ ಕಡಿದುಹೋಯಿತು. ಪರದೆಯ ಕೆಳ ಅಂಚು ಉಸಿರಾಡಿದಂತೆ ಒಮ್ಮೆ ಉಬ್ಬಿ, ಮೆಲ್ಲಗೆ ಇಳಿಯಿತು.

ಮೆಹೆರಾಜ ಎದ್ದು ಓಡಿದಳು. ಮೆಟ್ಟಿಲ ತಿರುವಿನಲ್ಲಿ ಎದುರು ಬಂದವನಿಗೆ ಡಿಕ್ಕಿ ಹೊಡೆದಳು.

"ಮೆಲ್ಲಕರಿ! ಬೀಳ್ತೀರಿ!" ಎಂದು ಅವನು ಅವಳ ತೋಳು ಹಿಡಿದು, ಮರುಕ್ಷಣವೇ ಬಿಟ್ಟ. ಬೆರಳುಗಳ ತುಂಬ ಮಸಿ. ಪ್ರೊಜೆಕ್ಟರ್ ನಡೆಸುವ ಆಪರೇಟರ್ ಜುನೇದ್.

"ಒಳಗ... ಒಳಗ ಯಾರೋ ಅಳಾಕ ಹತ್ಯಾರ್ರಿ!"

ಜುನೇದನ ಮುಖ ಬಿಳುಚಿತು.

"ಸಿನಿಮಾದಾಗ ಐತ್ರಿ ಅದು."

"ಆ ಸೀನಿನಾಗ ಹೆಂಗಸರ ಇಲ್ಲಲ್ರಿ!"

"ಮೂರು ತಾಸು ಇಪ್ಪತ್ತು ನಿಮಿಷದ ಸಿನಿಮಾರಿ. ಯಾವ್ದಾರ ಮೂಲ್ಯಾಗ ಇರ್ತಾರ..." ಅವನು ನಗಲು ನೋಡಿದ. ಕಣ್ಣು ನಗಲಿಲ್ಲ.

'ಸುಳ್ಳು ಹೇಳ್ತಿದ್ದಾನೆ' ಎಂದುಕೊಂಡಳು ಮೆಹೆರಾಜ. ಅದರ ಬೆನ್ನಿಗೇ ಇನ್ನೊಂದು ಯೋಚನೆ... 'ಇಷ್ಟು ಚೆಂದದ ಕಣ್ಣಿನವನು ಯಾಕೆ ಸುಳ್ಳು ಹೇಳಬೇಕು?' ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಅದು ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆ. ಲಾರಿ ಡ್ರೈವರ್ ಹಜರತಸಾಬರ ಮಗಳು ಮೆಹೆರಾಜ ಬಿ.ಎ. ಮುಗಿಸಿ ಊರಿನ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಂದ ನಾಲ್ಕು ಪುಟದ ವಾರಪತ್ರಿಕೆಯೊಂದು ಹೊರಡುತ್ತಿತ್ತು. ಮ್ಯಾಟಿನಿಯ ಸೆಖೆಯಲ್ಲಿ ಕೂರಲು ಬೇರೆ ಯಾರೂ ಒಪ್ಪದ ಕಾರಣ ಸಿನಿಮಾ ವಿಮರ್ಶೆ ಅವಳ ಪಾಲಿಗೆ ಬಂದಿತ್ತು. ಕೊನೆಯ ಸಾಲು ಯಾವಾಗಲೂ ಒಂದೇ ಮಾತು: 'ನೋಡಬಹುದು' ಅಥವಾ 'ನೋಡಬೇಡಿ'. ಊರಿನ ಮಂದಿ ಮೊದಲು ಆ ಸಾಲನ್ನೇ ಓದುತ್ತಿದ್ದರು.

ಮರುದಿನ ಜುನೇದ್ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದ.

"ಬರದ್ರೇನ್ರಿ ನಮ್ಮ ಸಿನಿಮಾದ ಬಗ್ಗೆ?"

"ಏನ್ ಬರೀಲಿ? ಮೊದಲನೇ ಭಾಗದಾಗ ವಿಲನ್ ಸತ್ತ, ಕಥಿ ಮುಗೀತು. ಈಗ ಅವನ ಅಣ್ಣ ಬಂದಾನ. ಮುಂದಿನದ್ರಾಗ ಕಾಕಾ ಬರ್ತಾನೇನ್ರಿ?"

ಜುನೇದ್ ಜೋರಾಗಿ ನಕ್ಕುಬಿಟ್ಟ. "ನಾ ದಿನಾ ಮೂರು ಸಲ ನೋಡತೇನ್ರಿ. ಅದನ್ನ ಬೈಯಾಕ ನನಗಿರೂ ಹಕ್ಕು ನಿಮಗೂ ಇಲ್ಲ!"

"ಮತ್ಯಾಕ ಬಂದ್ರಿ?"

ಅವನ ನಗು ಆರಿತು. "ಒಂದು ವಾರ ತಡದ ಬರೀರಿ. ಇನ್ನೊಂದು ವಾರ ಓಡ್ಲಿ. ಯಾಕಂತ ಮಾತ್ರ ಕೇಳಬ್ಯಾಡ್ರಿ..."

ಅವಳು ಕೇಳಲಿಲ್ಲ. ಬರೆಯಲೂ ಇಲ್ಲ.

ಆ ವಾರ ಮೆಹೆರಾಜ ಅದೇ ಕೆಟ್ಟ ಸಿನಿಮಾವನ್ನು ಮತ್ತೆ ಎರಡು ಸಲ ನೋಡಿದಳು! 'ವಿಮರ್ಶೆಗೆ ಬೇಕು' ಎಂದು ತನಗೆ ತಾನೇ ಹೇಳಿಕೊಂಡಳು. ಇಂಟರ್ವಲ್‌ನಲ್ಲಿ ಜುನೇದ್ ಚಹಾ ತಂದುಕೊಡುತ್ತಿದ್ದ. ಮುನವಳ್ಳಿಯ ತನ್ನ ಮನೆಯ ಬಗ್ಗೆ, ಅಣ್ಣ ನಾಸಿರನ ಮೋಟಾರ್ ರಿಪೇರಿ ಅಂಗಡಿಯ ಬಗ್ಗೆ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಆಮೇಲೆ ಕತ್ತಲಾಗುತ್ತಿತ್ತು. ಸೇತುವೆಯ ದೃಶ್ಯ ಬರುತ್ತಿತ್ತು. ಅಳು ಶುರುವಾಗುತ್ತಿತ್ತು...

ಮೂರನೇ ಸಲ ಅವಳಿಗೆ ಎರಡು ದನಿ ಕೇಳಿಸಿದವು. ಒಂದು ಒಡಕು ದನಿ, ವಯಸ್ಸಾದದ್ದು. ಅದಕ್ಕೆ ಓಗೊಡುವ ಇನ್ನೊಂದು, ಎಳೆಯದು.

ಮೈಮೇಲಿನ ಕೂದಲು ನಿಮಿರಿದವು. ಆದರೂ ಅವಳು ಬಾಲ್ಕನಿ ಇಳಿದು ಪಕ್ಕದ ಓಣಿಯಂಥ ದಾರಿಯಲ್ಲಿ ಪರದೆಯ ಕಡೆ ನಡೆದಳು. ತುದಿಯಲ್ಲಿ ಸಣ್ಣ ಬಾಗಿಲು. ಜುನೇದ್ ಕೈಯಲ್ಲಿ ಚಹಾದ ಲೋಟ, ಹೆಗಲ ಮೇಲೆ ಹೆಂಗಸರ ಶಾಲು ಹಾಕಿಕೊಂಡು ಒಳಗೆ ಹೋಗುತ್ತಿದ್ದ. ಬಾಗಿಲು ಮುಚ್ಚಿತು. ಒಳಗಿನಿಂದ ಅವನ ಮೆಲುದನಿ ಕೇಳಿತು:

"ಅತ್ತಬಿಡು... ಯಾರಿಗೂ ಕೇಳೂದಿಲ್ಲ. ನಾ ಅದೇನಿ."

ಮೆಹೆರಾಜ ಗೋಡೆ ಹಿಡಿದಳು. ಯಾರಿಗೂ ಕೇಳುವುದಿಲ್ಲ! ಅಂದರೆ ಯಾವಳನ್ನೋ ಬಚ್ಚಿಟ್ಟಿದ್ದಾನೆ. ಅವಳ ಅಳು ಹೊರಗೆ ಕೇಳಬಾರದೆಂದೇ ಈ ಗದ್ದಲದ ಸಿನಿಮಾ ಓಡಿಸುತ್ತಿದ್ದಾನೆ! ತನ್ನ ಜೊತೆ ಚಹಾ, ನಗು... ಅಲ್ಲಿ ಶಾಲು...

ಎದೆಯಲ್ಲಿ ಭಯ ಎಷ್ಟಿತ್ತು, ಹೊಟ್ಟೆಕಿಚ್ಚು ಎಷ್ಟಿತ್ತು, ಅವಳಿಗೇ ತಿಳಿಯಲಿಲ್ಲ.

ಗುರುವಾರ ಪತ್ರಿಕೆ ಹೊರಬಂತು. 'ಉದ್ದವೇ ಕಥೆಯಲ್ಲ, ಸದ್ದೇ ಶೌರ್ಯವಲ್ಲ. ಈ ಗದ್ದಲದ ಅಡಿಯಲ್ಲಿ ಪರದೆಯ ಹಿಂದೆ ಒಬ್ಬ ಹೆಂಗಸು ಅಳುವುದು ಕೇಳುತ್ತದೆ. ಆಪರೇಟರ್ ಅಲ್ಲಿ ಯಾರನ್ನು ಬಚ್ಚಿಟ್ಟಿದ್ದಾನೆಂದು ಮಾಲೀಕರು ವಿಚಾರಿಸಲಿ. ನೋಡಬೇಡಿ.'

ಮಾಲೀಕ ಶಂಕ್ರೆಪ್ಪ ಪರದೆಯ ಹಿಂದೆ ನೋಡಿದರು, ಯಾರೂ ಇರಲಿಲ್ಲ. ಜುನೇದನನ್ನು ವಿಚಾರಿಸಿದರು. ಅವನು ಬಾಯಿ ಬಿಡಲಿಲ್ಲ. ಅಂದೇ ಅವನನ್ನು ಕೆಲಸದಿಂದ ಬಿಡಿಸಿದರು. ಬೇರೆ ಆಪರೇಟರನನ್ನು ಕರೆಸಿ, ಸಿನಿಮಾ ಉದ್ದ ಎಂಬ ದೂರಿಗೆ ಸೇತುವೆಯ ದೃಶ್ಯವನ್ನೂ ಸೇರಿಸಿ ಅರ್ಧ ತಾಸಿನ ರೀಲು ಕತ್ತರಿಸಿದರು. ಸೌಂಡೂ ಇಳಿಸಿದರು.

ಊರಿಗೆ ಹೊರಡುವ ಮುಂಚೆ ಜುನೇದ್ ಪ್ರೆಸ್ಸಿಗೆ ಬಂದ. ಕೈಯಲ್ಲಿ ಒಂದು ಚೀಲ.

"ಬರಿಯೂ ಮುಂಚೆ ಒಂದು ಮಾತು ನನ್ನ ಕೇಳಬೇಕಿತ್ರಿ ನೀವು."

"ಕೇಳಿದ್ರ ಹೇಳತಿದ್ರೇನು?"

ಅವನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ. "...ಇಲ್ರಿ. ಆಣಿ ಮಾಡಿದ್ದೆ."

ಅಷ್ಟೇ. ತಿರುಗಿ ನೋಡದೆ ಹೋದ. ಮೆಹೆರಾಜಳಿಗೆ ಗೆದ್ದ ಖುಷಿ ಬರಲೇ ಇಲ್ಲ.

ಶನಿವಾರದ ಮ್ಯಾಟಿನಿಗೆ ಟಾಕೀಸು ತುಂಬಿಹೋಯಿತು! 'ನೋಡಬೇಡಿ' ಎಂದು ಅವಳು ಬರೆದದ್ದಕ್ಕೇ ಜನ ಬಂದಿದ್ದರು, ಸಿನಿಮಾಕ್ಕಲ್ಲ, ಅಳುವಿಗೆ. ಮೆಹೆರಾಜಳೂ ಬಂದಳು. ಒಳಗಿದ್ದವಳು ಈಗ ಏನಾದಳು? ಆ ಪ್ರಶ್ನೆ ಅವಳನ್ನು ಮಲಗಗೊಟ್ಟಿರಲಿಲ್ಲ.

ಹೀರೋ ಸೇತುವೆ ಹತ್ತಿದ. ಮರುಕ್ಷಣ ಅವನ ಕೊರಳಲ್ಲಿ ಹೂವಿನ ಹಾರ! ನಡುವಿನದೆಲ್ಲ ಕತ್ತರಿ. ಯಾರೂ ನಗಲಿಲ್ಲ. ಎಲ್ಲರೂ ಕಿವಿಗೊಟ್ಟು ಕೂತಿದ್ದರು.

ಆಗ ಕರೆಂಟ್ ಹೋಯಿತು.

ಪರದೆ ಕಪ್ಪಾಯಿತು. ಫ್ಯಾನುಗಳು ನಿಂತವು. ಆ ಮೌನದಲ್ಲಿ ಪರದೆಯಿಂದ ಒಂದು ಎಳೆಯ ದನಿ ಬಂತು:

"ಅವ್ವಾ..."

ಒಂದೇ ಸಲ. ಅದರ ಹಿಂದೆಯೇ ಒಡಕು ದನಿಯೊಂದು ಹೃದಯ ಹಿಂಡುವಂತೆ ಅತ್ತಿತು.

ಜನ ಎದ್ದುಬಿದ್ದು ಓಡಿದರು. ಚಪ್ಪಲಿಗಳು ಅಲ್ಲಲ್ಲೇ ಉಳಿದವು. ಮೆಹೆರಾಜಳ ಕಾಲುಗಳು ಮಾತ್ರ ಎದುರು ದಿಕ್ಕಿಗೆ ನಡೆದವು. 'ಯಾ ಅಲ್ಲಾ...' ಎನ್ನುತ್ತ ಸಣ್ಣ ಬಾಗಿಲನ್ನು ತಳ್ಳಿದಳು.

ಗವಾಕ್ಷಿಯಿಂದ ಒಂದು ಕೋಲು ಬೆಳಕು ಬಿದ್ದಿತ್ತು. ದೊಡ್ಡ ಸ್ಪೀಕರಿನ ಕೊಳವೆಯ ಬಾಯಿಗೆ ಕೆನ್ನೆ ಒತ್ತಿ, ಮಗುವಿನ ಕೊರಳನ್ನು ತಬ್ಬುವಂತೆ ಅದನ್ನು ತಬ್ಬಿ ಒಬ್ಬ ಮುದುಕಿ ಕೂತಿದ್ದಳು. ಪಕ್ಕದಲ್ಲಿ ಕಸಬರಿಗೆ.

ಟಾಕೀಸಿನ ಕಸ ಗುಡಿಸುವ ಶಟ್ಟೆವ್ವ!

"ಯವ್ವಾ, ನೀವಾ? ನಿಮ್ಮನ್ನ ಇಲ್ಲಿ ಕೂಡಿಹಾಕಿದ್ನೇನು ಅವ?"

"ಯಾರು, ಜುನೇದನ?" ಶಟ್ಟೆವ್ವ ತಲೆ ಅಲ್ಲಾಡಿಸಿದಳು. "ಆ ದೇವರಂಥವ ಯಾಕ ಕೂಡಿಹಾಕ್ತಾನ ತಂಗೀ? ನನ್ನ ಮಗಳು ಸಪ್ನಾ... ರಾಮದುರ್ಗಕ್ಕ ಕೊಟ್ಟಿದ್ವಿ. ಹೋದ ವರ್ಷ ಹಡಿಯೂವಾಗ ಹೋದ್ಲು. ಮಣ್ಣಾದ ಮ್ಯಾಲ ಹೇಳಿ ಕಳಿಸಿದ್ರು. ಮಾರೀನೂ ನೋಡಲಿಲ್ಲ ನಾನು."

ಮೆಹೆರಾಜ ನೆಲದ ಮೇಲೆ ಕೂತಳು.

"ಮನ್ಯಾಗ ಸೊಸಿ ಬಸುರಿ. ಬಸುರಿ ಮುಂದ ಅಳಬಾರದು ಅಂತಾನ ಮಗ. ಓಣ್ಯಾಗ ಅತ್ರ ಮಂದಿ ಆಡಿಕೋತಾರ. ಎಲ್ಲಿ ಅಳಲಿ?" ಶಟ್ಟೆವ್ವ ಮೂಗೊರೆಸಿಕೊಂಡಳು. "ಈ ಸಿನಿಮಾದ ಮೊದಲನೇ ಭಾಗ ನಾವಿಬ್ರೂ ಇಲ್ಲೇ ನೋಡಿದ್ವಿ. ಹುಡುಗಿ ಗಂಡಸರಂಗ ಸೀಟಿ ಹೊಡದಿದ್ಲು! 'ಅವ್ವಾ, ಎರಡನೇದು ಬಂದ್ರ ಇಬ್ರೂ ಬರೂಣು' ಅಂದಿದ್ಲು. ಎರಡನೇದು ಬಂತು ತಂಗೀ... ಆಕಿ ಬರಲಿಲ್ಲ."

ಅವಳು ಕೊಳವೆಯ ಅಂಚು ಸವರಿದಳು. "ಒಂದಿನ ಇಲ್ಲಿ ಕುಂತು ಅಳೂದನ್ನ ಜುನೇದ್ ನೋಡಿದ. ಯಾರ ಮುಂದೂ ಹೇಳಬ್ಯಾಡಂತ ಆಣಿ ಮಾಡಿಸಿಕೊಂಡೆ. 'ಫೈಟಿಂಗ್ ಬಂದಾಗ ಅಳವ್ವಾ, ಯಾರಿಗೂ ಕೇಳೂದಿಲ್ಲ' ಅಂದ. ದಿನಾ ಚಾ ತಂದು ಕೊಡತಿದ್ದ. ಒಮ್ಮೆ ನಾ ಮರತ ಬಿಟ್ಟ ಶಾಲೂ ತಂದಿದ್ದ."

ತಾನು ಬಾಗಿಲಾಚೆ ಕೇಳಿದ ಮಾತು! ಮೆಹೆರಾಜಳ ಕಣ್ಣು ತುಂಬಿ ಬಂತು. ಆದರೂ ಕೇಳದೆ ಇರಲಾಗಲಿಲ್ಲ.

"ಯವ್ವಾ... ಇನ್ನೊಂದು ದನಿ ಯಾರ್ದು?"

ಶಟ್ಟೆವ್ವನ ಮುಖ ಅರಳಿತು. ಅದೇ ಮೆಹೆರಾಜಳಿಗೆ ಹೆಚ್ಚು ಭಯ ಹುಟ್ಟಿಸಿತು.

"ನಿನಗೂ ಕೇಳ್ತೇನು? ನನ್ನ ಸಪ್ನಾಂದು!"

ಸುಳ್ಳು ಹೇಳಲು ಬರಲಿಲ್ಲ. ಸುಳ್ಳು ಬೇಕಾಗಲೂ ಇಲ್ಲ.

"ಹೌದು ಯವ್ವಾ. ಕೇಳಿತು."

ಮೆಹೆರಾಜ ಅವಳನ್ನು ತಬ್ಬಿಕೊಂಡಳು. ಗುಂಡಿಲ್ಲದೆ, ಬಾಂಬಿಲ್ಲದೆ, ಖಾಲಿ ಟಾಕೀಸಿನಲ್ಲಿ ಶಟ್ಟೆವ್ವ ಮೊದಲ ಬಾರಿಗೆ ದನಿ ಎತ್ತಿ ಅತ್ತಳು. ಕೇಳಲು ಒಬ್ಬಳಿದ್ದಳು.

ಮುಂದಿನ ಗುರುವಾರ ಪತ್ರಿಕೆಯಲ್ಲಿ ಹೀಗೆ ಬಂತು: 'ಹೋದ ವಾರ ಆಪರೇಟರ್ ಬಗ್ಗೆ ಬರೆದದ್ದು ತಪ್ಪು. ಅವರು ಯಾರನ್ನೂ ಬಚ್ಚಿಟ್ಟಿರಲಿಲ್ಲ. ತಪ್ಪು ನನ್ನದು. ಸಿನಿಮಾ ಉದ್ದ, ಸದ್ದು ವಿಪರೀತ. ಆ ಮಾತು ಬದಲಿಸುವುದಿಲ್ಲ. ಆದರೆ ಮೊದಲನೇ ಭಾಗವನ್ನು ಯಾರ ಜೊತೆ ನೋಡಿದ್ದಿರೋ ಅವರು ಇನ್ನೂ ಇದ್ದರೆ, ಅವರನ್ನು ಕರೆದುಕೊಂಡು ಹೋಗಿ. ನೋಡಬಹುದು.' ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದ್ದಳು.

ಸೋಮವಾರ ಅವಳು ಶಟ್ಟೆವ್ವನ ಜೊತೆ ಸವದತ್ತಿಯಲ್ಲಿ ಬಸ್ಸು ಬದಲಿಸಿ ಮುನವಳ್ಳಿಗೆ ಬಂದಳು. ಅಣ್ಣನ ಅಂಗಡಿಯಲ್ಲಿ ಜುನೇದ್ ಒಬ್ಬನೇ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಇವರನ್ನು ಕಂಡು ಎದ್ದು ನಿಂತ. ತಂತಿಯ ಸುರುಳಿ ಕೈಯಿಂದ ಜಾರಿ ಬಿತ್ತು.

ಶಟ್ಟೆವ್ವ ಅವನ ಗಲ್ಲ ಮುಟ್ಟಿ, ದೃಷ್ಟಿ ತೆಗೆಯುವಂತೆ ಲಟಿಗೆ ಮುರಿದಳು. "ಅವತ್ತ ಅತ್ತ ಮ್ಯಾಲ ನಾಲ್ಕ ದಿನ ಪರದೆ ಹಿಂದ ಹೋಗಿ ಕರದೆನೋ ಜುನೇದ್. ಸಪ್ನಾ ಓಗೊಡಲಿಲ್ಲ. ಮಲಗ್ಯಾಳ, ಮಲಗ್ಲಿ." ಅಷ್ಟು ಹೇಳಿ ಬೇವಿನ ಗಿಡದ ನೆರಳಿಗೆ ಹೋಗಿ ಕೂತಳು.

ಇಬ್ಬರೇ ಉಳಿದರು.

"ತಪ್ಪಾತ್ರಿ..." ಮೆಹೆರಾಜ ತಲೆ ಎತ್ತಲಿಲ್ಲ. "ಶಂಕ್ರೆಪ್ಪನವರೂ ನಿಮ್ಮನ್ನ ತಿರುಗಿ ಕರದಾರ."

ಅವನು ಬಗ್ಗಿ ತಂತಿಯ ಸುರುಳಿ ಎತ್ತಿಕೊಂಡ.

"ಒಂದು ಕೇಳ್ಲೇನ್ರಿ? ಕರೆಂಟ್ ಹೋದಾಗೂ ಆ ದನಿ ಬಂತು..."

ಜುನೇದ್ ಶಟ್ಟೆವ್ವನ ಕಡೆ ನೋಡಿ ದನಿ ತಗ್ಗಿಸಿದ.

"ಸ್ಪೀಕರ್ ಕೊಳವಿ ಟೊಳ್ಳ ಇರ್ತದ, ಅವ್ವನ ದನೀನ ತಿರುಗಿ ಬರ್ತದಂತ ನಾನೂ ತಿಳಕೊಂಡಿದ್ದೆ. ಒಂದಿನ ಅವ್ವಗ ಜ್ವರ, ಕೆಲಸಕ್ಕ ಬಂದಿರಲಿಲ್ಲ. ಮ್ಯಾಟಿನಿ ಬಿಟ್ಟ ಮ್ಯಾಲ ನಾ ಬಾಗಲಾ ಹಾಕಾಕ ಹೋದೆ. ಒಳಗ ಯಾರೂ ಇಲ್ಲ. 'ಅವ್ವ ಇವತ್ತ ಯಾಕ ಬಂದಿಲ್ಲ?' ಅಂತ ಆ ಎಳೀ ದನಿ ಕೇಳಿತ್ರಿ..."

ಆ ಬಿಸಿಲಲ್ಲೂ ಮೆಹೆರಾಜಳ ಬೆನ್ನು ತಣ್ಣಗಾಯಿತು.

"ನೀವ... ಏನಂದ್ರಿ?"

"ಏನಂತ ಅನ್ನಲಿ? 'ಮೈಯಾಗ ಹುಷಾರಿಲ್ಲ, ನಾಳಿಗೆ ಬರ್ತಾಳ' ಅಂದೆ."

ಓಡಿಹೋಗಲಿಲ್ಲ ಇವನು. ಉತ್ತರ ಕೊಟ್ಟಿದ್ದ! ಮೆಹೆರಾಜ ಮೊದಲ ಸಲ ತಲೆ ಎತ್ತಿ ಅವನ ಕಣ್ಣನ್ನೇ ನೋಡಿದಳು.

"ನಾ ಅದನ್ನೆಲ್ಲಾ ತಿಳೀದ... ಶಾಲು ನೋಡಿ, ಯಾರೋ ಬ್ಯಾರೆ ಹೆಂಗಸು ಅಂದ್ಕೊಂಡಿದ್ದೆ."

"ಇದ್ದಿದ್ರ ಇರ್ಲಿ ಬಿಡ್ರಿ. ನಿಮಗ್ಯಾಕ ಅಷ್ಟ ಸಿಟ್ಟು ಬಂತು?"

ಉತ್ತರವೆಲ್ಲ ಮೆಹೆರಾಜಳ ಮುಖಕ್ಕೆ ಬಂದು ಕೆಂಪಾಗಿ ನಿಂತಿತು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಮ್ಮ ಅಬ್ಬಾ... ಶುಕ್ರವಾರ ಮನ್ಯಾಗ ಇರ್ತಾರ," ಎಂದಳು ಕೊನೆಗೆ.

ಜುನೇದನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವನ ಕಣ್ಣುಗಳೂ ನಕ್ಕವು!

"ಶುಕ್ರವಾರನ? ಇನ್ನಾ ನಾಲ್ಕ ದಿನ ಐತಲ್ರಿ!"

"ಲಾರಿ ಸೊಲ್ಲಾಪುರಕ್ಕ ಹೋಗೇತಿ. ತಿರುಗಿ ಬರಬ್ಯಾಡೇನು?"

"ಅಲ್ಲಿತನಕ ನಾ ಏನ್ ಮಾಡ್ಲಿ?"

"ನನಗೇನ ಗೊತ್ತು... ನಮ್ಮ ಬಸ್ಸು ಐದಕ್ಕ ಐತಿ."

ಜುನೇದ್ ಗೋಡೆಯ ಗಡಿಯಾರ ನೋಡಿದ. ಮೂರು ಗಂಟೆ. ಒಳಗಿನಿಂದ ಸ್ಟೂಲ್ ತಂದು, ಅಂಗಿಯ ತುದಿಯಿಂದ ಧೂಳು ಒರೆಸಿ, ಅವಳ ಮುಂದಿಟ್ಟ.

"ಇನ್ನಾ ಎರಡು ತಾಸು ಐತಿ. ಕುಂದರು, ಮೆಹೆರಾಜ."

ಮಾತಿನ ಕೊನೆಗೆ 'ರಿ' ಇರಲಿಲ್ಲ. ಅವಳಿಗೆ ಅದು ಎದೆಯೊಳಗೆ ಕೇಳಿಸಿತು.

"ಕುಂತೆ," ಎಂದಳು, ಮೆಲ್ಲಗೆ.