ಹೂವಕ್ಕನ ಮೂರನೆಯ ಹಾಡು

ಬಹಳ ಹಿಂದಿನ ಮಾತು. ಏಳು ಬೆಟ್ಟಗಳ ಆಚೆ ಹೊಂಗನೂರು ಎಂಬ ರಾಜ್ಯವಿತ್ತು. ಶನಿವಾರ, ಭಾನುವಾರ ಯಾರೂ ಮಗ್ಗ ಮುಟ್ಟಬಾರದೆಂದು ಅಲ್ಲಿನ ರಾಜನ ಅಪ್ಪಣೆ. ಇದರಿಂದ ನೇಕಾರ ಗುಡದಪ್ಪನಿಗೆ ಖುಷಿ, ಅವನ ಹೆಂಡತಿ ರಾಚವ್ವನಿಗೆ ಬೇಸರ.

ಒಂದು ಶನಿವಾರ ಇಬ್ಬರೂ ಬುತ್ತಿ ಕಟ್ಟಿಕೊಂಡು ರಾಜಧಾನಿಗೆ ಹೊರಟರು. ಅಲ್ಲಿ ಹೂವಕ್ಕ ಹಾಡುವವಳಿದ್ದಳು. ಹೂವಕ್ಕ ತಾನೇ ಹಾಡು ಕಟ್ಟಿ ತಾನೇ ಹಾಡುವವಳು. ರಾಚವ್ವ ಕೂಸನ್ನು ಕಳೆದುಕೊಂಡ ವರ್ಷ ಇವಳೇ ಅವಳ ಮಗ್ಗದ ಪಕ್ಕ ಕೂತು ಒಂದು ಹಾಡು ಕಟ್ಟಿ, ಅದರಲ್ಲಿ ಕೂಸಿನ ಹೆಸರು ಸೇರಿಸಿದ್ದಳು. ಅದನ್ನು ಹೇಳಿಕೊಂಡೇ ರಾಚವ್ವ ಮತ್ತೆ ನೇಯತೊಡಗಿದ್ದು.

ರಾಜಧಾನಿಯ ಊರಬಾಗಿಲಲ್ಲಿ ಒಂದು ಬಡಕಲು ಸಿಂಹ ಮಲಗಿತ್ತು. ಗುಡದಪ್ಪ ಹೆಂಡತಿಯ ಹಿಂದೆ ಸರಿದ. ರಾಚವ್ವ ರೊಟ್ಟಿ ಹಾಕಿದಳು. ಸಿಂಹ ತಿಂದು ಮಾತಾಡಿತು.

"ನಾನೂ ಮನುಷ್ಯಾನೇ ಇದ್ದೆ, ತಾಯಿ. ಹೂವಕ್ಕಗ ಸೊಲ್ಲು ಹಿಡೀತಿದ್ದೆ. ಈಗ ಧೂಮಕೇತ ಅನ್ನೋ ಮಾಂತ್ರಿಕ ಆಕೀನ್ನ ಹಿಡಿದಿಟ್ಟಾನ. ಆಕಿ ಹಾಡಿದ್ದೆಲ್ಲ ಅವನ ಸೀಸೆ ಸೇರತೈತಿ. ಸೇರಿದ ಹಾಡು ಯಾರಿಗೂ ನೆನಪಿರೂದಿಲ್ಲ. ಉಳಿದಿದ್ದು ಮೂರೇ ಹಾಡು. ಅವೂ ಹೋದ್ರ ಆಕಿ ದನೀನೂ ಹೋಗತೈತಿ."

"ಹಾಡದಿದ್ರಾತು!" ಎಂದ ಗುಡದಪ್ಪ.

"ಹಾಡದಿದ್ರ ಕೇಳಾಕ ಬಂದೋರನ್ನೆಲ್ಲ ಮೃಗ ಮಾಡ್ತಾನ. ಕೇಳೋರು ಬಾಯಿ ತೆಗೆದ್ರೂ ಅಷ್ಟ. ನಾನೊಬ್ನೇ ಸೊಲ್ಲು ಹಿಡಿದೆ, ಹಿಂಗಾದೆ. ಯಾರೂ ದನಿ ಕೂಡಿಸಲಿಲ್ಲ."

ಗುಡದಪ್ಪನ ಊರಲ್ಲಿ ಒಬ್ಬರು ಹಾಡಿದರೆ ಕೂತವರೆಲ್ಲ ಸೊಲ್ಲು ಹಿಡಿಯಬೇಕು, ಅಂದರೆ ಪಲ್ಲವಿಯನ್ನು ತಿರುಗಿ ಹೇಳಬೇಕು. ಸುಮ್ಮನೆ ಕೂತರೆ ಹಾಡಿದವರಿಗೆ ಅವಮಾನ. ಗಂಡ ಹೆಂಡತಿ ಹೋಗಿ ಕೂತ ರಾಜಧಾನಿಯ ಮಂಟಪದಲ್ಲಿ ಮಾತ್ರ ಜನ ಬಾಯಿಗೆ ಕೈ ಅಡ್ಡ ಇಟ್ಟು ಕೂತಿದ್ದರು. ಎತ್ತರದ ಪೀಠದ ಮೇಲೆ ಧೂಮಕೇತ ಸೀಸೆ ಹಿಡಿದು ಕೂತಿದ್ದ.

ಹೂವಕ್ಕ ಮೊದಲನೆಯ ಹಾಡು ಹಾಡಿದಳು. ರೂಢಿಯಂತೆ ಗುಡದಪ್ಪನ ಬಾಯಿ ತೆರೆಯಿತು. ರಾಚವ್ವ ಅವನ ತೊಡೆ ಚಿವುಟಿದಳು. "ಸುಮ್ಕುಂದರ‍್ರಿ!" ಹಾಡು ನೀಲಿ ಹೊಗೆಯಾಗಿ ಸೀಸೆ ಸೇರಿತು.

"ಏನ್ ಹಾಡಿದ್ಲಬೇ?"

"ನನಗೂ ನೆನಪಿಲ್ಲ."

ಹೂವಕ್ಕ ಎರಡನೆಯ ಹಾಡು ಹಾಡಿದಳು. ಮತ್ತೆ ಗುಡದಪ್ಪನ ಬಾಯಿ ತೆರೆಯಿತು. ಮತ್ತೆ ರಾಚವ್ವ ಚಿವುಟಿದಳು, ಇನ್ನೂ ಜೋರಾಗಿ. ಹಾಡು ಮರೆತುಹೋಯಿತು, ಚಿವುಟಿದ ಉರಿ ಉಳಿಯಿತು.

ಹೂವಕ್ಕ ಅಳುತ್ತ ಮೂರನೆಯ ಹಾಡು ಎತ್ತಿಕೊಂಡಳು.

"ನೂಲು ಹರಿದರ ಏನಾತ, ಗಂಟು ಹಾಕವ್ವ,
ಗಂಟಿನಾಗ ಐತಿ ನಿನ್ನ ಚೆನ್ನಿ."

ಅದು ರಾಚವ್ವನ ಹಾಡು. ಚೆನ್ನಿ ಅವಳ ಕೂಸು. ಈ ಸಲ ಗುಡದಪ್ಪ ತಾನೇ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡ. ಆದರೆ ರಾಚವ್ವ ಎದ್ದು ನಿಂತು ಮಂಟಪವೆಲ್ಲ ಕೇಳುವಂತೆ ಸೊಲ್ಲು ಹಿಡಿದಳು.

"ಗಂಟಿನಾಗ ಐತಿ ನನ್ನ ಚೆನ್ನಿ!"

ಧೂಮಕೇತ ಕೈ ಎತ್ತಿದ. ರಾಚವ್ವನ ಪಾದಗಳು ಆಡಿನ ಗೊರಸಾದವು. ಅವಳು ನಿಲ್ಲಿಸಲಿಲ್ಲ. ಗುಡದಪ್ಪ ಗೊರಸು ನೋಡಿದ, ಹೆಂಡತಿಯ ಮುಖ ನೋಡಿದ.

"ನೀ ಆಡಾದ್ರ ನಾ ಹೋತ ಆಗ್ತೀನಿ, ತಗೋ" ಎಂದು ಅವನೂ ದನಿ ಕೂಡಿಸಿದ. ಅವನ ನೆತ್ತಿಯಲ್ಲಿ ಕೊಂಬು ಮೂಡಿತು. ಅದನ್ನು ಕಂಡು ಒಬ್ಬ ಮುದುಕಿಗೆ ನಗು ತಡೆಯಲಾಗಲಿಲ್ಲ. ನಕ್ಕ ಬಾಯಲ್ಲೇ ಅವಳೂ ಹಾಡಿದಳು. ಆಮೇಲೆ ಅವಳ ಪಕ್ಕದವರು, ಆಮೇಲೆ ಇಡೀ ಮಂಟಪ.

ಅಷ್ಟು ಬಾಯಲ್ಲಿರುವ ಹಾಡನ್ನು ಸೀಸೆಗೆ ಎಳೆಯಲು ಆಗಲಿಲ್ಲ. ಸೀಸೆ ಒಡೆಯಿತು. ಒಳಗಿದ್ದ ಹಾಡುಗಳೆಲ್ಲ ಹೊರಬಂದು ಹೂವಕ್ಕನ ಕೊರಳು ಸೇರಿದವು. ಧೂಮಕೇತ ಹೊಗೆಯಾಗಿ ಕರಗಿಹೋದ. ಗೊರಸು, ಕೊಂಬು ಉದುರಿದವು. ಊರಬಾಗಿಲ ಸಿಂಹ ಮನುಷ್ಯನಾಗಿ ಓಡಿಬಂದ.

ಹೂವಕ್ಕ ರಾಚವ್ವನ ಕೈ ಹಿಡಿದಳು. "ನಿನಗ ಹೆದರಿಕಿ ಆಗಲಿಲ್ಲೇನ, ತಂಗಿ?"

"ಆತಕ್ಕಾ. ಆದ್ರ ಕೂಸನ್ನ ಇನ್ನೊಮ್ಮೆ ಕಳಕೊಳ್ಳಾಕ ನನ್ನಿಂದ ಆಗಲಿಲ್ಲ."

ಸೋಮವಾರ ಗಂಡ ಹೆಂಡತಿ ಮಗ್ಗಕ್ಕೆ ಕೂತರು. ಹೂವಕ್ಕ ಊರೂರು ಹಾಡುತ್ತ ಸುಖವಾಗಿದ್ದಳು, ಇವರೂ ಸುಖವಾಗಿದ್ದರು. ಆ ರಾಜಧಾನಿಯಲ್ಲಿ ಈಗಲೂ ನೂಲು ಹರಿದರೆ, ಚೆನ್ನಿಯನ್ನು ಎಂದೂ ಕಾಣದವರು ಅವಳ ಹೆಸರು ಹೇಳಿಯೇ ಗಂಟು ಹಾಕುತ್ತಾರೆ.